ಪಕ್ಕದೂರಿನ ಎದುರಾಳಿ

ಸಂತೆಯ ದಿನ ಹಂಸಭಾವಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನನ್ನನ್ನು ಕಂಡೊಡನೆ ಅಳಿಯಂದ್ರು ಕೇಳುವ ಮೊದಲ ಪ್ರಶ್ನೆ ಆರೋಗ್ಯದ್ದಲ್ಲ, ಮಳೆಯದ್ದಲ್ಲ, ಗೋವಿನಜೋಳದ ಧಾರಣಿಯದ್ದೂ ಅಲ್ಲ.

“ಏನ್ರಿ ಮಾಸ್ತರ, ಹಿಂಬಡ ಆರಾಮೈತೇನು?”

ಹಿಂಬಡ ಅಂದರೆ ಹಿಮ್ಮಡಿ. ಹೊಸಬರು ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ನನಗೆ ಕಾಲುನೋವೋ, ಆಣಿಯೋ ಇರಬೇಕು ಎಂದು ತಿಳಿದು ನನ್ನ ಚಪ್ಪಲಿಯ ಕಡೆ ನೋಡುತ್ತಾರೆ. ಹಳಬರು ನಗುತ್ತಾರೆ. ನಾನು “ಆರಾಮೈತ್ರಿ ಅಳಿಯಂದ್ರ, ಗೆದ್ದ ಹಿಂಬಡ ಅದು” ಎನ್ನುತ್ತೇನೆ. “ಹಂಗಾದ್ರ ಗೆದ್ದವ್ರು ಚಾ ಕುಡಸ್ರಿ” ಎಂದು ಅವರು ಬೆಂಚಿನ ಮೇಲೆ ಕಾಲು ಮಡಚಿ ಕೂರುತ್ತಾರೆ. ನಾನು ಚಹಾದ ದುಡ್ಡು ಕೊಡುತ್ತೇನೆ. ಈ ಮಾತುಕತೆ ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ ನಾಲ್ಕು ದಶಕಗಳಿಂದ ನಡೆದಿದೆ. ಚಹಾ ಕಪ್ಪಿಗೆ ನಾಲ್ಕಾಣೆ ಎಂಟಾಣೆ ಇದ್ದ ಕಾಲದಿಂದ ಹತ್ತು ರೂಪಾಯಿ ಆಗುವ ತನಕ ನಾನು ಕೊಟ್ಟ ದುಡ್ಡನ್ನು ಕೂಡಿಸಿದ್ದರೆ ಒಂದು ಆಕಳು ಬರುತ್ತಿತ್ತು ಎಂದು ನನ್ನ ಹೆಂಡತಿ ಲೆಕ್ಕ ಹಾಕಿದ್ದಾಳೆ.

ಅಳಿಯಂದ್ರು ನನ್ನ ಅಳಿಯನಲ್ಲ. ಅವರು ಪಕ್ಕದ ತಾಲೂಕಿನವರು. ನಮ್ಮ ಊರಿನ ಹತ್ತಿರದ ಹಳ್ಳಿಯೊಂದಕ್ಕೆ ಮನೆ ಅಳಿಯನಾಗಿ ಬಂದು, ಮಾವನ ಹೊಲ ಮಾಡುತ್ತ, ಅಲ್ಲೇ ನೆಲೆಸಿದವರು. ಅವರ ಮಾವನಿಗೆ ಮಾತ್ರವಲ್ಲ, ಸುತ್ತಲಿನ ಊರಿಗೆಲ್ಲ ಅವರು ಅಳಿಯಂದ್ರೇ. ಅವರು ಇಲ್ಲಿಗೆ ಬರುವ ಮುಂಚೆಯೇ ನನಗೆ ಗೊತ್ತಿದ್ದರು. 1986ರಲ್ಲಿ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೆ. ಅವರು ಎದುರಾಳಿ ಕಾಲೇಜಿನ ಎಡ ಕಾರ್ನರಿಗೆ ಆಡುತ್ತಿದ್ದರು.

ಈಗಿನ ಹುಡುಗರಿಗೆ ಆ ಕಾಲದ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಆಗ ಹಾವೇರಿ ಜಿಲ್ಲೆ ಇರಲಿಲ್ಲ. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆಯ ತಾಲೂಕುಗಳು. ಕಾಲೇಜುಗಳೆಲ್ಲ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಆ ವಿಶ್ವವಿದ್ಯಾಲಯದ ಕೈಯಲ್ಲಿ ಒಂದು ಕಾಲಕ್ಕೆ ಬೀದರ, ರಾಯಚೂರುಗಳೂ ಇದ್ದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಅವು ಬೇರೆಯಾದವು. ಆದರೂ ನಮ್ಮ ಕಾಲದಲ್ಲಿ ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಒಂದೇ ಮನೆಯಲ್ಲಿದ್ದವು. ಅಷ್ಟು ಕಾಲೇಜುಗಳನ್ನು ಒಟ್ಟಿಗೆ ಆಡಿಸುವುದು ಸಾಧ್ಯವಿಲ್ಲವಾದ್ದರಿಂದ ವಲಯಗಳಾಗಿ ಹಂಚುತ್ತಿದ್ದರು. ಮೊದಲು ಸುತ್ತಲಿನವರ ಜೊತೆ ಆಡಬೇಕು, ಅದರಲ್ಲಿ ಗೆದ್ದರೆ ಅಂತರವಲಯಕ್ಕೆ ಹೋಗಬೇಕು. ಅಲ್ಲಿ ಚೆನ್ನಾಗಿ ಆಡಿದವನು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಅನ್ನಿಸಿಕೊಳ್ಳುತ್ತಿದ್ದ. ಆ ನೀಲಿ ಕೋಟು ಹಾಕಿಕೊಂಡು ಊರಿಗೆ ಬಂದ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ನಾವು ಮದುಮಗನನ್ನು ನೋಡಿದ ಹಾಗೆ ನೋಡಿದ್ದೆವು.

ಆದರೆ ನಿಜ ಹೇಳಬೇಕೆಂದರೆ ನಮಗೆ ಅಂತರವಲಯದ ಚಿಂತೆ ಅಷ್ಟಾಗಿ ಇರಲಿಲ್ಲ. ಪಕ್ಕದ ತಾಲೂಕಿನ ಆ ಕಾಲೇಜನ್ನು ಸೋಲಿಸಬೇಕು, ಅಷ್ಟೇ. ಏಕೆಂದರೆ ಆ ಊರಿನ ಹುಡುಗರು ನಮಗೆ ವರ್ಷವಿಡೀ ಸಿಗುತ್ತಿದ್ದರು. ಅವರ ಅಕ್ಕಂದಿರನ್ನು ನಮ್ಮ ಊರಿಗೆ ಕೊಟ್ಟಿದ್ದರು, ನಮ್ಮ ಅತ್ತೆಯಂದಿರು ಅವರ ಊರಿನಲ್ಲಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವರ ಚೀಲ, ನಮ್ಮ ಚೀಲ ಪಕ್ಕ ಪಕ್ಕ ಇರುತ್ತಿದ್ದವು. ದೀಪಾವಳಿ ಮುಗಿದು ಹೋರಿ ಬೆದರಿಸುವ ಹಬ್ಬ ಶುರುವಾದರೆ ಕೊಬ್ಬರಿ ಸರ ಕಟ್ಟಿಕೊಂಡ ಅವರ ಹೋರಿ ನಮ್ಮ ಊರಿನ ಓಣಿಯಲ್ಲಿ ಯಾರ ಕೈಗೂ ಸಿಗದೆ ಓಡಿಹೋದರೆ, ಅದನ್ನು ಆರು ತಿಂಗಳು ಹೇಳಿಕೊಂಡು ತಿರುಗುತ್ತಿದ್ದರು. ಇಂಥವರ ಕೈಯಲ್ಲಿ ಕಬಡ್ಡಿಯಲ್ಲಿ ಸೋತರೆ ಮುಂದಿನ ಜಾತ್ರೆಗೆ ಅತ್ತೆಯ ಮನೆಗೆ ಹೋಗುವುದು ಹೇಗೆ? 1984ರಲ್ಲಿ ಸೋತಿದ್ದೆವು. 1985ರಲ್ಲೂ ಸೋತಿದ್ದೆವು. ಆ ಎರಡು ವರ್ಷ ನಮ್ಮ ತಂಡದ ನಾಯಕ ಸೋದರಮಾವನ ಮಗಳ ಮದುವೆಗೆ ಹೋಗಿದ್ದೂ ಊಟದ ಪಂಕ್ತಿಯಲ್ಲಿ ಕೂರದೆ ವಾಪಸು ಬಂದಿದ್ದ.

1986ರ ವಲಯದ ಅಂತಿಮ ಪಂದ್ಯ ಅವರ ಊರಿನಲ್ಲೇ ಇತ್ತು. ನಾವು ಟೆಂಪೋ ಮಾಡಿಕೊಂಡು ಹೋದೆವು. ನಮ್ಮ ಜೊತೆ ಆಟಗಾರರಿಗಿಂತ ಆಟ ನೋಡುವವರೇ ಹೆಚ್ಚು ಬಂದಿದ್ದರು. ಫಿಜಿಕಲ್ ಡೈರೆಕ್ಟರ್ ಸರ್ ಎಲ್ಲರಿಗೂ ಒಂದೊಂದು ಲಿಂಬೆಹಣ್ಣು ಕೊಟ್ಟು “ಜಗಳ ತಗೀಬ್ಯಾಡ್ರಿ, ತಗದ್ರ ನಾ ನಿಮ್ಮನ್ನ ಗುರ್ತ ಹಿಡಿಯೂದಿಲ್ಲ” ಎಂದಿದ್ದರು. ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಅವರ ಊರಿಗೆ ಊರೇ ನಿಂತಿತ್ತು.

ಕೊನೆಯ ನಿಮಿಷಕ್ಕೆ ಬಂದಾಗ ನಮಗೆ ಒಂದು ಅಂಕ ಹೆಚ್ಚಿತ್ತು. ದಾಳಿಯ ಸರದಿ ನಮ್ಮದು. ಹೋಗಬೇಕಾದವನು ನಾನು. ಯಾರನ್ನೂ ಔಟು ಮಾಡುವ ಅಗತ್ಯವಿರಲಿಲ್ಲ, ಉಸಿರು ಬಿಡದೆ ಹೋಗಿ ಬಂದರೆ ಸಾಕಾಗಿತ್ತು. ಆದರೆ ಕಬಡ್ಡಿಯಲ್ಲಿ ಸುಮ್ಮನೆ ಗೆರೆಯಾಚೆ ಹೆಜ್ಜೆಯಿಟ್ಟು ಓಡಿ ಬರುವಂತಿಲ್ಲ. ಎದುರಾಳಿಯ ಅಂಗಳದಲ್ಲಿ ಬಾಕ್ ಗೆರೆ ಎಂಬುದೊಂದಿರುತ್ತದೆ. ಯಾರನ್ನೂ ಮುಟ್ಟದೆ ಬರುವವನು ಅದನ್ನು ಒಮ್ಮೆಯಾದರೂ ದಾಟಿರಬೇಕು. ದಾಟುವುದೆಂದರೆ ಮುಂದಿನ ಕಾಲು ಆಚೆ ಇದ್ದರಾಗದು, ಆ ಹೊತ್ತಿಗೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಇಲ್ಲದಿದ್ದರೆ ಹೋದವನೇ ಔಟು.

ಅವರ ಕಡೆ ಐದು ಜನ ಉಳಿದಿದ್ದರು. ಕೈಗೆ ಕೈ ಕೊಟ್ಟು ಸರಪಳಿ ಮಾಡಿಕೊಂಡು ಹಿಂದೆ ಸರಿದರು. ನನ್ನ ಬಲಗಾಲು ಬಾಕ್ ಗೆರೆಯಾಚೆ ಬಿತ್ತು. ಎಡಗಾಲು ಎತ್ತಬೇಕು. ಎತ್ತುವ ಹೊತ್ತಿಗೆ ಸರಪಳಿ ತಟ್ಟನೆ ಮುಂದೆ ಬಂತು. ನನಗೆ ಎದೆ ಒಡೆದಂತಾಗಿ ಹಿಂದಕ್ಕೆ ಜಿಗಿದೆ. ನಡುಗೆರೆ ದಾಟಿದೆ. ಸೀಟಿ ಊದಿದರು. ಪಂದ್ಯ ಮುಗಿದಿತ್ತು.

ಆಗ ಎಡ ಕಾರ್ನರಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದವನೊಬ್ಬ ಎದ್ದು ನಿಂತು ಕೂಗಿದ: “ಹಿಂಬಡ ನೆಲದಾಗಿತ್ತು! ಹಿಂಬಡ ಎತ್ತಿಲ್ಲ ಅಂವಾ!”

ಸುಣ್ಣದ ಗೆರೆ ಕಾಲಿಗೆ ಸಿಕ್ಕಿ ಅರ್ಧ ಅಳಿಸಿಹೋಗಿತ್ತು. ಸಂಜೆಯ ಬಿಸಿಲು ಅಂಪೈರರ ಮುಖಕ್ಕೆ ಹೊಡೆಯುತ್ತಿತ್ತು. ಜನ ಹಗ್ಗ ದಾಟಿ ಒಳಗೆ ಬರುವುದರಲ್ಲಿದ್ದರು. ಅಂಪೈರರು ಸೀದಾ ನನ್ನ ಹತ್ತಿರ ಬಂದರು. ಆಟಗಾರನನ್ನೇ ಕೇಳಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಆದರೂ ಅವರು ಕೇಳಿದರು. ನಾನು ಒಳ್ಳೆಯ ಹುಡುಗ ಎಂದು ಅವರಿಗೆ ಗೊತ್ತಿತ್ತೇನೋ. “ದಾಟಿದಿಯೇನಪಾ?”

ನಾನು ತಲೆ ಆಡಿಸಿದೆ. ಬಾಯಲ್ಲಿ ಹೌದು ಅನ್ನಲಿಲ್ಲ. ಇಷ್ಟು ವರ್ಷ ನನ್ನ ಮನಸ್ಸಿಗೆ ನಾನು ಹೇಳಿಕೊಂಡು ಬಂದ ಸಮಾಧಾನ ಅದೊಂದೇ.

ಗೆದ್ದೆವು. ಅಂತರವಲಯಕ್ಕೆ ಧಾರವಾಡಕ್ಕೆ ಹೋದೆವು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನಮ್ಮಂಥ ಹಳ್ಳಿಯ ಹುಡುಗರಿಗೆ ಆ ಕಟ್ಟಡವನ್ನು ನೋಡಿಯೇ ಅರ್ಧ ಸೋತಂತಾಗಿತ್ತು. ಮೊದಲ ಪಂದ್ಯದಲ್ಲೇ ಪೇಟೆಯ ಕಾಲೇಜೊಂದು ನಮ್ಮನ್ನು ಎರಡು ಸಲ ಖಾಲಿ ಮಾಡಿ ಲೋನಾ ಹೊಡೆದು ಮನೆಗೆ ಕಳಿಸಿತು. ವಿಚಿತ್ರವೆಂದರೆ ಆ ಸೋಲು ನಮ್ಮನ್ನು ಎರಡು ದಿನವೂ ಕಾಡಲಿಲ್ಲ. ಆ ಹುಡುಗರ ಹೆಸರೂ ನಮಗೆ ಗೊತ್ತಿರಲಿಲ್ಲ, ಮುಂದೆ ಎಲ್ಲೂ ಸಿಗುವವರಾಗಿರಲಿಲ್ಲ. ಯಾರ ಮುಂದೆ ನಾಚಿಕೆಪಡುವುದು? ವಾಪಸು ಬರುವಾಗ ಪೇಢೆ ಕಟ್ಟಿಸಿಕೊಂಡು ಹಾಡು ಹೇಳುತ್ತ ಬಂದೆವು. ಇದಾದ ಮೂರು ವರ್ಷಕ್ಕೆ ಎಡ ಕಾರ್ನರಿನ ಹುಡುಗ ಮದುವೆಯಾಗಿ ನಮ್ಮ ಮಗ್ಗುಲಿಗೇ ಬಂದ. ಮೊದಲ ಸಂತೆಯ ದಿನವೇ ನನ್ನನ್ನು ಗುರುತು ಹಿಡಿದು, ಹೊಸ ಧೋತರದ ಚುಂಗು ಹಿಡಿದುಕೊಂಡು, ನಾಲ್ಕು ಜನರ ಮುಂದೆ ಕೇಳಿದ: “ಹಿಂಬಡ ಆರಾಮೈತೇನು?”

ಈ ಹಳೆಯ ಕಥೆ ನನಗೆ ಮತ್ತೆ ತಲೆಯಲ್ಲಿ ಕುಳಿತದ್ದು ಅಮೇರಿಕದಿಂದ ಬಂದ ಒಂದು ಫೋನಿನಿಂದ. ನನ್ನ ಅಣ್ಣನ ಮಗ ಟೆಕ್ಸಾಸ್ ರಾಜ್ಯದಲ್ಲಿದ್ದಾನೆ. 2024ರ ನವೆಂಬರ್ ಕೊನೆಗೆ ಒಂದು ಬೆಳಿಗ್ಗೆ ಫೋನು ಮಾಡಿ, “ಕಾಕಾ, ರಾತ್ರಿ ಇಲ್ಲೊಂದು ಮ್ಯಾಚ್ ಆತು. ನಿನ್ನ ಹಿಂಬಡದ ಮ್ಯಾಚ್ ನೆನಪಾತು” ಎಂದ. ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೂ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೂ ನಡೆದ ಫುಟ್‌ಬಾಲ್ ಪಂದ್ಯ. ಫುಟ್‌ಬಾಲ್ ಅಂದರೆ ನಾವು ತಿಳಿದದ್ದಲ್ಲ. ಅಲ್ಲಿ ಕಾಲಿಗಿಂತ ಕೈಗೆ ಕೆಲಸ ಜಾಸ್ತಿ, ಹಿಡಿದು ಕೆಡವುವುದರಲ್ಲಿ ನಮ್ಮ ಕಬಡ್ಡಿಗೇ ಹತ್ತಿರ. ಎರಡೂ ಒಂದೇ ರಾಜ್ಯದವು, ನಡುವೆ ಎರಡು ತಾಸಿನ ದಾರಿ. 1894ರಿಂದ ಆಡಿಕೊಂಡು ಬಂದ ಹಗೆ. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ ಓದಿದ ಮನೆಗಳಲ್ಲಿ ಆ ದಿನ ಊಟಕ್ಕೆ ಕೂತರೂ ಮಾತಿಲ್ಲವಂತೆ. ಇಂಥ ಪಂದ್ಯ 2011ರಲ್ಲಿ ನಿಂತುಹೋಯಿತು.

ನಿಂತದ್ದು ಜಗಳದಿಂದಲ್ಲ, ದುಡ್ಡಿನಿಂದ. ಅಲ್ಲಿ ಕಾಲೇಜುಗಳು ಒಂದೊಂದು ಕೂಟ ಕಟ್ಟಿಕೊಂಡು ತಮ್ಮ ತಮ್ಮೊಳಗೆ ಆಡುತ್ತವೆ, ನಮ್ಮ ವಲಯಗಳ ಹಾಗೆ. ಮೊದಲು ಅವು ಸುತ್ತಮುತ್ತಲಿನ ಊರುಗಳ ಕೂಟಗಳಾಗಿದ್ದವು. ಟೆಲಿವಿಷನ್ನಿನವರು ಕೂಟ ನೋಡಿ ದುಡ್ಡು ಕೊಡಲು ಶುರುಮಾಡಿದ ಮೇಲೆ ಯಾವ ಕೂಟದ ದುಡ್ಡು ದೊಡ್ಡದೋ ಅದಕ್ಕೆ ಕಾಲೇಜುಗಳು ಜಿಗಿಯತೊಡಗಿದವು. ಎ ಅಂಡ್ ಎಂ 2012ರಲ್ಲಿ ಆಗ್ನೇಯದ ಕೂಟಕ್ಕೆ ಹೋಯಿತು. ಟೆಕ್ಸಾಸ್ ಹಳೆಯ ಕೂಟದಲ್ಲೇ ಉಳಿಯಿತು. ಹದಿಮೂರು ವರ್ಷ ಈ ಎರಡು ನೆರೆಯ ತಂಡಗಳು ಎದುರುಬದುರಾಗಲಿಲ್ಲ. ನನಗೆ ಬಹಳ ಹಿಡಿಸಿದ ಸಂಗತಿ ಇದು: ಎರಡೂ ಕಡೆಯ ಕಾಲೇಜು ಹಾಡುಗಳಲ್ಲಿ ಆ ಇನ್ನೊಬ್ಬರನ್ನು ಹಳಿಯುವ ಮಾತು ಇದೆಯಂತೆ. ಆಟ ನಿಂತರೂ ಹಾಡು ನಿಲ್ಲಲಿಲ್ಲ. ಬೇರೆ ಯಾರ ಜೊತೆಗೋ ಆಡುತ್ತ, ಎದುರಿಗಿಲ್ಲದವರನ್ನು ಬಯ್ದು ಹಾಡುತ್ತಿದ್ದರು. ಕೊನೆಗೆ 2024ರಲ್ಲಿ ಟೆಕ್ಸಾಸ್ ಕೂಡ ಅದೇ ಕೂಟಕ್ಕೆ ಸೇರಿದ್ದರಿಂದ ಪಂದ್ಯ ಮರಳಿ ಬಂತು. ಟೆಕ್ಸಾಸ್ 17-7ರಿಂದ ಗೆದ್ದಿತು.

“ಹಂಗಾದ್ರ ಕೂಟ ದೊಡ್ಡದಾಗಿದ್ದು ಛಲೋನ ಆತಲ್ಲ” ಎಂದೆ. “ಎಲ್ಲರಿಗೂ ಅಲ್ಲ ಕಾಕಾ” ಎಂದ. ಟೆಕ್ಸಾಸ್ ಜೊತೆಗೆ ಹೊರಟ ಓಕ್ಲಹೋಮ ವಿಶ್ವವಿದ್ಯಾಲಯ ತನ್ನ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವನ್ನು ಹಿಂದೆ ಬಿಟ್ಟುಹೋಯಿತು. 1904ರಲ್ಲಿ ಶುರುವಾಗಿದ್ದ ಅವರ ಪಂದ್ಯ 2023ರ ನವೆಂಬರಿನಲ್ಲಿ ಆಡಿದ್ದೇ ಕೊನೆ. ಬಿಟ್ಟುಹೋದವರನ್ನು ಉಳಿದವರು 27-24ರಿಂದ ಸೋಲಿಸಿ ಕಳಿಸಿದರು ಎಂಬುದಷ್ಟೇ ಸಮಾಧಾನ. ಶಾಂತಸಾಗರದ ದಂಡೆಯ ಹನ್ನೆರಡು ಕಾಲೇಜುಗಳ ಕೂಟದಿಂದ ಹತ್ತು ಎದ್ದುಹೋಗಿ 2024ರ ಹಂಗಾಮಿಗೆ ಎರಡೇ ಎರಡು ಉಳಿದವು. ಎದ್ದುಹೋದವುಗಳಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ್ದು ಅಟ್ಲಾಂಟಿಕ್ ಕರಾವಳಿಯ ಕೂಟಕ್ಕೆ. ಕಾರವಾರದವರು ಬಂಗಾಳ ಕೊಲ್ಲಿಯ ಬೆಸ್ತರ ಸಂಘಕ್ಕೆ ವರ್ಗಣಿ ಕಟ್ಟಿದ ಹಾಗೆ! ಇನ್ನೊಂದು ಕೂಟದ ಹೆಸರು ‘ಬಿಗ್ ಟೆನ್’, ಅಂದರೆ ದೊಡ್ಡ ಹತ್ತು. ಅದರಲ್ಲಿ ಈಗ ಹದಿನೆಂಟು ತಂಡಗಳಿವೆ. ಲೆಕ್ಕದ ಮಾಸ್ತರನಾಗಿ ಮೂವತ್ತು ಚಿಲ್ಲರೆ ವರ್ಷ ಕಳೆದ ನನಗೆ ಇದು ಮಾತ್ರ ಸಹಿಸಲಾಗಲಿಲ್ಲ.

ಫೋನಿಟ್ಟ ಮೇಲೆ ನಗು ನಿಂತಿತು. ನಮ್ಮಲ್ಲೇನು ಕಡಿಮೆಯಾಗಿದೆ ಎಂದು ಯೋಚಿಸಿದೆ. ರಣಜಿ ಟ್ರೋಫಿಯಲ್ಲಿ ಬಹಳ ವರ್ಷ ದಕ್ಷಿಣ ವಲಯ ಎಂಬುದಿತ್ತು. ಕರ್ನಾಟಕ, ತಮಿಳುನಾಡು, ಹೈದರಾಬಾದ್, ಆಂಧ್ರ, ಕೇರಳ ಪ್ರತಿವರ್ಷ ತಪ್ಪದೆ ಎದುರಾಗುತ್ತಿದ್ದವು. ರೇಡಿಯೋಗೆ ಕಿವಿ ಹಚ್ಚಿ ಮದ್ರಾಸಿನವರ ಮೇಲೆ ಹಲ್ಲು ಕಡಿಯುವುದು ಚಳಿಗಾಲದ ಒಂದು ಹಬ್ಬವೇ ಆಗಿತ್ತು. 2002-03ರಿಂದ ವಲಯಗಳನ್ನು ತೆಗೆದು ಎಲೀಟ್, ಪ್ಲೇಟ್ ಎಂದು ಶಕ್ತಿ ನೋಡಿ ಗುಂಪು ಮಾಡಿದರು. ಕ್ರಿಕೆಟ್ಟಿಗೆ ಅದರಿಂದ ಒಳ್ಳೆಯದೇ ಆಗಿರಬಹುದು, ಆ ಬಗ್ಗೆ ತಕರಾರು ಎತ್ತುವಷ್ಟು ನನಗೆ ತಿಳಿಯದು. ಆದರೆ ತಮಿಳುನಾಡಿನ ಜೊತೆ ಪ್ರತಿವರ್ಷ ಆಡಿಯೇ ತೀರುತ್ತೇವೆ ಎಂಬ ಖಾತ್ರಿ ಹೋಯಿತು. 2015ರಲ್ಲಿ ಮುಂಬೈಯ ಅಂತಿಮ ಪಂದ್ಯದಲ್ಲಿ ಅದೇ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ರನ್ ಹೊಡೆದಾಗ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟಿದೆ. ಹೊಸದಾಗಿ ಬಂದಿದ್ದ ತರುಣ ಮಾಸ್ತರರೊಬ್ಬರು, “ಫೈನಲ್ ಗೆದ್ರ ಸಾಕಲ್ರಿ ಸರ್, ಯಾರ ಮ್ಯಾಲ ಆದ್ರೇನು?” ಎಂದರು. ಅವರಿಗೆ ಉತ್ತರ ಹೇಳಲು ಹೋಗಲಿಲ್ಲ. ಮುಂಬೈಯವರು ಸತತ ಹದಿನೈದು ಸಲ ರಣಜಿ ಗೆದ್ದ ಮೇಲೆ 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಅವರ ಓಟವನ್ನು ನಿಲ್ಲಿಸಿದ್ದು ನಮ್ಮವರು. ಆಮೇಲೆ ಫೈನಲಿನಲ್ಲಿ ಯಾರನ್ನು ಸೋಲಿಸಿದೆವು ಎಂದು ಹತ್ತು ಜನರನ್ನು ಕೇಳಿ ನೋಡಿ. ರಾಜಸ್ಥಾನ ಎಂದು ಹೇಳುವವರು ಇಬ್ಬರು ಸಿಕ್ಕರೆ ಹೆಚ್ಚು.

ನಮ್ಮ ಕಬಡ್ಡಿಯ ಮಾತಿಗೆ ಬರುತ್ತೇನೆ. ಅಮೇರಿಕದಲ್ಲಿ ಕೂಟಗಳು ಹಿಗ್ಗಿದರೆ ನಮ್ಮಲ್ಲಿ ಕುಗ್ಗಿದವು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದು ಬೆಳಗಾವಿ, ವಿಜಾಪುರ, ಬಾಗಲಕೋಟೆ ಧಾರವಾಡದ ಕೈ ಬಿಟ್ಟವು. 2018ರಲ್ಲಿ ನಮ್ಮ ಹಿರೇಕೆರೂರು ತಾಲೂಕನ್ನೇ ಒಡೆದು ರಟ್ಟೀಹಳ್ಳಿಯನ್ನು ಬೇರೆ ಮಾಡಿದರು. 2023ರಲ್ಲಿ ಒಮ್ಮೆಲೇ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅದರಲ್ಲಿ ಹಾವೇರಿಯದೂ ಒಂದು. ಕೆರಿಮತ್ತಿಹಳ್ಳಿಯಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರವಿದ್ದ ಜಾಗವೇ ಹೊಸ ವಿಶ್ವವಿದ್ಯಾಲಯವಾಯಿತು. ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. ಧಾರವಾಡದ ಪಾಲಿಗೆ ಉಳಿದದ್ದು ಧಾರವಾಡ, ಗದಗ, ಉತ್ತರ ಕನ್ನಡ.

ನಮ್ಮ ಓಣಿಯ ಹುಡುಗನೊಬ್ಬ ಡಿಗ್ರಿ ಓದುತ್ತಾನೆ, ಒಳ್ಳೆಯ ರೈಡರ್. ಅವನ ಹತ್ತಿರ ನಾನು ಇದನ್ನೆಲ್ಲ ಹೇಳಿ, “ಇನ್ನ ನೀವು ಧಾರವಾಡ, ಹುಬ್ಬಳ್ಳಿಯವ್ರ ಜೋಡಿ ಆಡೂದು ಯಾವಾಗಲೇ?” ಎಂದು ಪೇಚಾಡಿದೆ. ಅವನು ಮೊಬೈಲಿನಿಂದ ತಲೆ ಎತ್ತಿ, “ಅಜ್ಜಾರ, ನಿಮ್ಮ ಕಾಲದಾಗ ಹಂಸಭಾವಿಯಿಂದ ಎಷ್ಟು ಮಂದಿ ಬ್ಲೂ ಆಗಿದ್ರಿ?” ಎಂದು ಕೇಳಿದ. ನನಗೆ ಗೊತ್ತಿದ್ದವನು ಆ ನೀಲಿ ಕೋಟಿನವನು ಒಬ್ಬನೇ. “ಈಗ ನಮ್ಮ ಜಿಲ್ಲೇದಾಗ ಆಡಿದ್ರ ಯೂನಿವರ್ಸಿಟಿ ಟೀಮಿಗೆ ಹೋಗಬಹುದು. ದಕ್ಷಿಣ ವಲಯಕ್ಕ ಹೋಗಬಹುದು. ನಿಮಗ ಹಗೀ ಬೇಕು, ನಮಗ ಟ್ರ್ಯಾಕ್‌ಸೂಟ್ ಬೇಕು” ಎಂದ. ಇದರಲ್ಲಿ ಸತ್ಯವಿದೆ. ದೊಡ್ಡ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವನಿಗೆ ಹೋಳಿಗೆ ಮುಗಿದಿರುತ್ತದೆ. ಮನೆ ಪಾಲಾದರೆ ಅವನೂ ಯಜಮಾನನೇ. ಪ್ರೊ ಕಬಡ್ಡಿ 2014ರಲ್ಲಿ ಎಂಟು ತಂಡಗಳಿಂದ ಶುರುವಾಗಿ 2017ಕ್ಕೆ ಹನ್ನೆರಡಾದಾಗ ಇಂಥ ಹುಡುಗರ ಕಣ್ಣು ಎಷ್ಟು ಅಗಲವಾದವು ಎಂಬುದನ್ನು ಶಾಲೆಯ ಮೈದಾನದಲ್ಲಿ ನಾನೇ ನೋಡಿದ್ದೇನೆ. ಹರಾಜಿನಲ್ಲಿ ಯಾವ ಊರು ಕೊಂಡರೂ ಅವರಿಗೆ ಸರಿ. ಬೇಡ ಎನ್ನಲು ನಾನು ಯಾರು?

ಆದರೂ ಅವನಿಗೆ ಇನ್ನೊಂದು ಪ್ರಶ್ನೆ ಕೇಳಿದೆ. “ಈ ವರ್ಷ ಯಾರ ಮ್ಯಾಲ ಸೋತ್ರಿ?” ಒಂದು ಕಾಲೇಜಿನ ಹೆಸರು ಹೇಳಿದ. “ಅವ್ರ ಎಡ ಕಾರ್ನರ್ ಯಾರಿದ್ದ?” ಅವನಿಗೆ ಗೊತ್ತಿರಲಿಲ್ಲ. ನೆರೆಯ ತಾಲೂಕಿನ ಹುಡುಗ! ಬಹುಶಃ ಅವನ ಸೋದರತ್ತೆಯ ಊರಿನವನೇ. ನನಗೆ ಆಗ ಹೊಳೆದದ್ದು ಇಷ್ಟು: ಗೆರೆಯನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಅದೊಂದರಿಂದ ಎದುರಾಳಿ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಸಂತೆಗೆ ಬರಬೇಕು. ಈಗ ಸಂತೆಗೆ ಬರುವವರು ನಮ್ಮಂಥ ಮುದುಕರು. ಹುಡುಗರ ಸಂತೆ ಮೊಬೈಲಿನಲ್ಲಿದೆ. ಅಲ್ಲಿ ಸೋತವನು ಗೆದ್ದವನ ಕಣ್ಣಿಗೆ ಬೀಳದೆ ಬದುಕಬಹುದು.

2025ರ ಮೊದಲಲ್ಲಿ ಸಚಿವ ಸಂಪುಟದ ಉಪಸಮಿತಿ ಹಣದ ಕೊರತೆಯ ಕಾರಣ ಹೇಳಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ ಮುಂದಿಟ್ಟಿತು, ಅದರಲ್ಲಿ ಹಾವೇರಿಯೂ ಇತ್ತು. ಚಹಾದಂಗಡಿಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯಾಯಿತು. ಮಕ್ಕಳು ಅಂಕಪಟ್ಟಿಗೆ, ಪರೀಕ್ಷೆಯ ಕೆಲಸಕ್ಕೆ ಮತ್ತೆ ಧಾರವಾಡಕ್ಕೆ ಅಲೆಯಬೇಕೇ ಎಂದು ಒಬ್ಬರು, ಧಾರವಾಡದ ಸರ್ಟಿಫಿಕೇಟಿಗೆ ಇರುವ ತೂಕ ಇದಕ್ಕೆಲ್ಲಿ ಎಂದು ಇನ್ನೊಬ್ಬರು. ಅಳಿಯಂದ್ರು ಎಲ್ಲ ಕೇಳಿಸಿಕೊಂಡು, “ಮುಚ್ಚಿದ್ರ ಮತ್ತ ಧಾರವಾಡದಾಗ ಆಡಬೇಕಾಗ್ತೈತಿ. ಅಲ್ಲಿ ಅಂಪೈರು ಕಣ್ಣು ತೆರದು ನೋಡ್ತಾರ. ಮಾಸ್ತರಿಗೆ ಕಷ್ಟ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾದ ದುಡ್ಡು ಕೊಟ್ಟೆ.

ಅದಾದ ಕೆಲವು ತಿಂಗಳಿಗೆ, ಹತ್ತಿ ಬಿಡಿಸುವ ಕಾಲಕ್ಕೆ, ಅವರು ಒಂದು ಸಂತೆಯ ದಿನ ಹಿಂಬಡದ ಮಾತೇ ಎತ್ತಲಿಲ್ಲ. ಬಂದು ಸುಮ್ಮನೆ ಕೂತರು. ಆಮೇಲೆ ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ ಎಂದರು. ಹೆಂಡತಿ ಹೋದ ಮೇಲೆ ಒಬ್ಬರೇ ಆಗಿದ್ದಾರೆ, ಮೊಣಕಾಲು ಬೇರೆ ಕೈಕೊಟ್ಟಿದೆ. ಹೊಲ ಲಾವಣಿಗೆ ಕೊಟ್ಟಾಗಿದೆ. “ಹನ್ನೊಂದನೇ ಮಾಳಿಗಿ ಅಂತ್ರಿ ಮನಿ. ಕೆಳಗ ನೋಡಿದ್ರ ತಲಿ ತಿರಗತೈತಿ. ಮಗ್ಗಲ ಮನ್ಯಾಗ ಯಾರದಾರ ಅಂತ ಮಗಗ ಗೊತ್ತಿಲ್ಲ.” ಲೋಟದ ಚಹಾ ಆರುತ್ತಿತ್ತು. ಅವರು ಕುಡಿಯಲಿಲ್ಲ.

ನನಗೆ ಏನಾಯಿತೋ ತಿಳಿಯದು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು, ಹೆಂಡತಿಗೂ ಹೇಳದ್ದನ್ನು, ಹೇಳಬೇಕು ಅನ್ನಿಸಿತು. ಈ ಮನುಷ್ಯ ಬೆಂಗಳೂರಿನ ಹನ್ನೊಂದನೆಯ ಮಹಡಿಗೆ ಹೋಗಿಬಿಟ್ಟರೆ ನನ್ನನ್ನು ಆ ಮಾತು ಕೇಳುವವರು ಯಾರೂ ಇರುವುದಿಲ್ಲ. ಕೇಳುವವರಿಲ್ಲದ ಸುಳ್ಳನ್ನು ಇಟ್ಟುಕೊಂಡು ನಾನು ಮಾಡುವುದೇನು?

“ಅಳಿಯಂದ್ರ, ಅವತ್ತ ಹಿಂಬಡ ನೆಲದಾಗ ಇತ್ತು” ಎಂದೆ.

ಅವರು ನನ್ನ ಮುಖ ನೋಡಿದರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಸಿಟ್ಟಿಗೇಳುತ್ತಾರೆ ಅಂದುಕೊಂಡೆ, ಅದೂ ಇಲ್ಲ. ಬಹಳ ಹೊತ್ತು ರಸ್ತೆಯ ಕಡೆ ನೋಡಿದರು. ಹಿರೇಕೆರೂರಿನ ಬಸ್ಸು ಬಂದು ನಿಂತು ಮಂದಿಯನ್ನು ಇಳಿಸಿ ಹೊರಟಿತು.

“ನಮ್ಮಪ್ಪ ಅವತ್ತ ರಾತ್ರಿ ನನ್ನ ಜೋಡಿ ಮಾತಾಡ್ಲಿಲ್ಲ” ಎಂದರು. “ಸೋತಿದ್ದಕ್ಕಲ್ಲ. ಸೋತಮ್ಯಾಲ ಸುಳ್ಳ ಹೇಳಿ ಬೊಬ್ಬೀ ಹೊಡದಿ ಅಂತ.”

ನನಗೆ ಇದು ಗೊತ್ತಿರಲಿಲ್ಲ. ನಾಲ್ಕು ದಶಕದ ಸಂತೆಗಳಲ್ಲಿ ಒಮ್ಮೆಯೂ ಅವರು ಇದನ್ನು ಹೇಳಿರಲಿಲ್ಲ. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: “ಯಾವ ಕಾಲು?”

“ಎಡಗಾಲು. ಬಲಗಾಲು ಆಚೀಗಿತ್ತು, ಎಡಗಾಲಿನ ಹಿಂಬಡ ಎತ್ತಲಿಲ್ಲ.”

“ಅಲ್ಲ” ಎಂದರು. “ಬಲಗಾಲು.”

“ಎಡಗಾಲ್ರೀ. ನನ್ನ ಕಾಲು ನನಗ ಗೊತ್ತಿಲ್ಲೇನು?”

“ನಾ ನೆಲಕ್ಕ ಕುಂತ ನೋಡೇನಿ ಮಾಸ್ತರ. ಎಡಗಾಲು ಮುಂದಿತ್ತು. ಬಲಗಾಲಿನ ಹಿಂಬಡ ಹಿಂದ ಉಳದಿತ್ತು.” ಊರುಗೋಲಿನಿಂದ ಚಹಾದಂಗಡಿಯ ಮುಂದಿನ ಮಣ್ಣಿನಲ್ಲಿ ಗೆರೆ ಎಳೆದರು. ಇದು ನಡುಗೆರೆ, ಇದು ಬಾಕ್ ಗೆರೆ, ಇಲ್ಲಿ ನಾ, ಇಲ್ಲಿ ನೀ. ಗುಂಪು ಕೂಡಿತು. ನಾನು ಚಪ್ಪಲಿ ಬಿಟ್ಟು ಎದ್ದು ನಿಂತು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ಮೊಣಕಾಲು ಒಪ್ಪದಿದ್ದರೂ ಬಗ್ಗಿ, ನನ್ನ ಬಲ ಹಿಮ್ಮಡಿಯನ್ನು ಕೋಲಿನ ತುದಿಯಿಂದ ತಿವಿದು, “ಇದ!” ಎಂದರು.

ಅಂಗಡಿಯವನು ಬಂದು ಎಂದಿನಂತೆ ನನ್ನ ಮುಂದೆ ಕೈಯೊಡ್ಡಿದ. ಅಳಿಯಂದ್ರು ಅವನ ಕೈಯನ್ನು ತಮ್ಮ ಕಡೆ ತಿರುಗಿಸಿಕೊಂಡು ಅಂಗಿಯ ಒಳಜೇಬಿನಿಂದ ಇಪ್ಪತ್ತು ರೂಪಾಯಿಯ ನೋಟು ತೆಗೆದು ಇಟ್ಟರು.

“ಈ ಸರ್ತಿ ನಂದು” ಎಂದರು. “ಆದ್ರ ಬಲಗಾಲು. ಮುಂದಿನ ಸಂತಿಗೆ ನಿಮ್ಮ ಟೀಮಿನ್ಯಾಗ ಯಾರರ ಉಳದಿದ್ರ ಕರಕೊಂಡ ಬರ್ರಿ, ಕೇಳೂಣು.”